ಮೂರನೇ ಇಯತ್ತೆಯ ಒಂದು ವಾರ



ದತ್ತಿ ಉಪನ್ಯಾಸವೆಂದರೆ ಕುಮಾರವ್ಯಾಸನೋ ವಚನಗಳೋ ನವ್ಯ ಕಾವ್ಯವೋ ಇರಬೇಕೆಂಬುದು ರೂಢಿ. ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನಗೆ ಚೆನ್ನಾಗಿ ಗೊತ್ತಿರುವುದು ಎಂಟು ವರ್ಷದ ಮಕ್ಕಳು, ಅವರ ಪೆನ್ಸಿಲ್ಲು, ಅವರ ಡಬ್ಬಾ, ಅವರ ಜಗಳ. ಆದ್ದರಿಂದ ಮೂರನೇ ಇಯತ್ತೆಯ, ಅಂದರೆ ಮೂರನೇ ತರಗತಿಯ, ಕೋಣೆಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಏನು ನಡೆಯುತ್ತದೆ ಎಂಬುದನ್ನೇ ಇವತ್ತಿನ ವಿಷಯ ಮಾಡಿಕೊಂಡಿದ್ದೇನೆ. ನಾನು ಹೇಳುವ ಕೋಣೆ ಒಂದೇ ಶಾಲೆಯದಲ್ಲ. ಡೊಂಬಿವಲಿ, ಕಲ್ಯಾಣದ ಇಂಗ್ಲಿಷ್ ಮಾಧ್ಯಮದ ಯಾವ ಶಾಲೆಯ ಬಾಗಿಲಲ್ಲಿ ನಿಂತರೂ ಕಾಣುವಂಥದ್ದು. ಅಲ್ಲಿ ಐವತ್ತು ಮಕ್ಕಳ ನಡುವೆ ನಮ್ಮ ಕಡೆಯ ನಾಲ್ಕೈದು ಮಕ್ಕಳು ಇದ್ದೇ ಇರುತ್ತಾರೆ. ಅಪ್ಪ ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ಇರುತ್ತಾರೆ. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ ಇರುತ್ತದೆ.

ಪ್ರತಿ ವರ್ಷ ಇಂಥ ವೇದಿಕೆಗಳಲ್ಲಿ ಒಂದು ಪ್ರಶ್ನೆ ಬರುತ್ತದೆ: ಹೊರನಾಡಿನಲ್ಲಿ ಕನ್ನಡ ಉಳಿಯುತ್ತದೆಯೇ? ಆ ಪ್ರಶ್ನೆಯನ್ನು ನಾನು ತರಗತಿಗೆ ಒಯ್ದು ಕೇಳುತ್ತೇನೆ. ಅಲ್ಲಿ ಅದರ ರೂಪ ಬದಲಾಗುತ್ತದೆ: ಮಗುವಿನ ವಾರದಲ್ಲಿ ಯಾವ ಭಾಷೆಗೆ ಯಾವ ಕೆಲಸ ಇದೆ? ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸವಿರುವ ಭಾಷೆ ಮಗುವಿನಲ್ಲಿ ನಿಲ್ಲುತ್ತದೆ. ಕೆಲಸವಿಲ್ಲದ ಭಾಷೆಗೆ ಎಷ್ಟು ಪಾಠ ಹೇಳಿದರೂ ಅದು ಸಭೆಯಲ್ಲಿ ಒಪ್ಪಿಸುವ ಮಾತಾಗಿಯೇ ಉಳಿಯುತ್ತದೆ.

ಶಾಲೆಯ ಸಾಮಾನ್ಯ ದಿನವನ್ನು ಕುಳಿತು ನೋಡಬೇಕೆಂದು ವಿದ್ವಾಂಸರಿಗೆ ಹೊಳೆದದ್ದು ತಡವಾಗಿ. ಅಮೆರಿಕದ ಫಿಲಿಪ್ ಜಾಕ್ಸನ್ ಪ್ರಾಥಮಿಕ ತರಗತಿಗಳ ಹಿಂದಿನ ಬೆಂಚಿನಲ್ಲಿ ಕುಳಿತು, ಕಂಡದ್ದನ್ನು 1968ರಲ್ಲಿ 'ಲೈಫ್ ಇನ್ ಕ್ಲಾಸ್‌ರೂಮ್ಸ್' ಎಂಬ ಪುಸ್ತಕವಾಗಿ ಬರೆದರು. ಪ್ರಾಥಮಿಕ ಶಿಕ್ಷಕಿ ದಿನಕ್ಕೆ ಸಾವಿರದವರೆಗೂ ಸಣ್ಣಪುಟ್ಟ ಮಾತುಕತೆಗಳನ್ನು ನಡೆಸುತ್ತಾಳೆ ಎಂದು ಅವರು ಹೇಳಿದರು. ಕಾಯುವುದು, ಸರದಿಯಲ್ಲಿ ನಿಲ್ಲುವುದು, ಗುಂಪಿನಲ್ಲಿದ್ದೂ ಒಬ್ಬನೇ ಕೆಲಸ ಮಾಡುವುದು, ಹೊಗಳಿಕೆ ಬೈಗುಳಗಳನ್ನು ಎಲ್ಲರೆದುರು ಪಡೆಯುವುದು, ಇವೇ ಶಾಲೆಯ ಕಣ್ಣಿಗೆ ಕಾಣದ ಪಠ್ಯ ಎಂದರು. ಟೀಚರ್ ಆಗಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸಾವಿರ ಎಂಬ ಸಂಖ್ಯೆ ಓದಿ ನಮಗೆ ಗಂಟಲು ನೋವು ನೆನಪಾಗುತ್ತದೆ, ಅಷ್ಟೇ. ಆದರೆ ಆ ಸಾವಿರ ಮಾತುಗಳಲ್ಲಿ ಪಾಠದ ಮಾತು ಸ್ವಲ್ಪವೇ. ಉಳಿದದ್ದೆಲ್ಲ ಕೆಲಸದ ಮಾತು. ಕೂತ್ಕೊ, ಕೊಡು, ಅವನಿಗೆ ದಾರಿ ಬಿಡು, ಯಾರು ಚೆಲ್ಲಿದ್ದು, ಒರೆಸು.

ಇನ್ನು ವಾರಕ್ಕೆ ಬರೋಣ.

ಸೋಮವಾರ ಬೆಳಿಗ್ಗೆ ಮಗುವನ್ನು ಶಾಲೆಗೆ ತಲುಪಿಸುವವರು ರಿಕ್ಷಾಕಾಕಾ ಅಥವಾ ವ್ಯಾನ್‌ಕಾಕಾ. ಅಷ್ಟು ಹೊತ್ತಿಗೆ ಅಪ್ಪ ಫಾಸ್ಟ್ ಲೋಕಲ್ ಹಿಡಿದು ಠಾಣೆ ದಾಟಿರುತ್ತಾರೆ. ನಾಲ್ಕನೇ ಇಯತ್ತೆಯವರೆಗಿನ ಶಾಲೆ 9 ಗಂಟೆಗಿಂತ ಮೊದಲು ಶುರುವಾಗಬಾರದೆಂದು ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿತು, ಮಕ್ಕಳಿಗೆ ನಿದ್ದೆ ಸಾಲದು ಎಂಬ ಕಾಳಜಿಯಿಂದ. ಆದರೆ ಎರಡು ಪಾಳಿಯ ಶಾಲೆ, ಒಂದೇ ವ್ಯಾನಿನ ಮೂರು ಸುತ್ತು, ಅಮ್ಮನ ಆಫೀಸಿನ ಹೊತ್ತು ಇವೆಲ್ಲ ಒಂದಕ್ಕೊಂದು ತಳುಕು ಹಾಕಿಕೊಂಡ ಊರಿದು; ಒಂದನ್ನು ಕದಲಿಸಿದರೆ ಎಲ್ಲವೂ ಕದಲುತ್ತದೆ. ವ್ಯಾನ್‌ಕಾಕಾನ ಜೊತೆ ಮಗುವಿನ ಮಾತು ಮರಾಠಿಯಲ್ಲಿ. ಗೇಟಿನಲ್ಲಿ ನೀರಿನ ಬಾಟಲಿ ಎತ್ತಿಕೊಡುವ ಮಾವಶಿಯ ಜೊತೆಗೂ ಮರಾಠಿ. ಪ್ರಾರ್ಥನೆಯ ಹೊತ್ತಿನಲ್ಲಿ ರಾಷ್ಟ್ರಗೀತೆ, ಪ್ರತಿಜ್ಞೆ. 2023ರಿಂದ ರಾಜ್ಯಗೀತೆಯಾಗಿರುವ 'ಜಯ ಜಯ ಮಹಾರಾಷ್ಟ್ರ ಮಾಝಾ'. ನಮ್ಮ ಮಕ್ಕಳು ಅದನ್ನು ಎದೆಯುಬ್ಬಿಸಿ ಹಾಡುತ್ತಾರೆ, ಹಾಡಬೇಕಾದದ್ದೇ. ಹುಟ್ಟಿ ಬೆಳೆದ ನೆಲ ಅವರದು.

ಹಜೇರಿ ಮುಗಿದ ಮೇಲೆ ಇಂಗ್ಲಿಷು. 'ಮೇ ಐ ಗೋ ಟು ದ ವಾಶ್‌ರೂಮ್' ಎಂಬುದು ನಮ್ಮ ಯಾವ ಮಗುವಿಗೂ ಪಾಠದಲ್ಲಿ ಬಂದ ವಾಕ್ಯವಲ್ಲ. ಆದರೂ ಶಾಲೆಗೆ ಸೇರಿದ ಒಂದೇ ವಾರದಲ್ಲಿ ಅದು ತಪ್ಪಿಲ್ಲದೆ ಬಾಯಿಗೆ ಬರುತ್ತದೆ. ಯಾಕೆಂದರೆ ಅದನ್ನು ಹೇಳದೆ ಬಾಗಿಲು ತೆರೆಯುವುದಿಲ್ಲ. ವ್ಯಾಕರಣ ಪುಸ್ತಕ ವರ್ಷವಿಡೀ ಮಾಡಲಾರದ ಕೆಲಸವನ್ನು ಒಂದು ಅವಸರ ಮಾಡಿ ಮುಗಿಸುತ್ತದೆ.

ಮಂಗಳವಾರದ ಮೊದಲ ತಾಸು ಗಣಿತ. ಇಲ್ಲಿ ಕನ್ನಡಕ್ಕೆ ಒಂದು ಕೆಲಸ ಕಾದಿದೆ, ನಾವು ಗಮನಿಸಿಲ್ಲ. ಮರಾಠಿಯಲ್ಲಿ 21ಕ್ಕೆ 'ಏಕವೀಸ', ಹಿಂದಿಯಲ್ಲಿ 'ಇಕ್ಕೀಸ್'. ಎರಡರಲ್ಲೂ ಒಂದು ಮೊದಲು ಬಂದು ಇಪ್ಪತ್ತು ಹಿಂದೆ ಬರುತ್ತದೆ. ಬರೆಯುವಾಗ ಮಾತ್ರ ಎರಡು ಮೊದಲು, ಒಂದು ಆಮೇಲೆ. ಆದ್ದರಿಂದ ಎಳೆಯ ಮಕ್ಕಳು 21 ಬರೆ ಎಂದರೆ 12 ಬರೆಯುವುದುಂಟು. 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ ಏಕ' ಎಂದು ಬಿಡಿಸಿ ಓದುವ ಕ್ರಮವನ್ನು ತಂದಾಗ ರಾಜ್ಯವೆಲ್ಲ ಗದ್ದಲವಾಯಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಆ ಬದಲಾವಣೆಯ ಪರವಾಗಿ ನಿಂತರು. ದಕ್ಷಿಣದ ಭಾಷೆಗಳಲ್ಲಿ ಎಣಿಕೆ ಇದೇ ಕ್ರಮದಲ್ಲಿದೆ ಎಂಬುದು ಪರವಾಗಿದ್ದವರ ಒಂದು ವಾದವಾಗಿತ್ತು. ನಮ್ಮ ಇಪ್ಪತ್ತೊಂದು, ಮೂವತ್ತೆರಡು ಬರೆದ ಕ್ರಮದಲ್ಲೇ ನಡೆಯುತ್ತವೆ. ಮನೆಯಲ್ಲಿ ಕನ್ನಡದಲ್ಲಿ ಎಣಿಸುವ ಮಗುವಿಗೆ ಈ ಅನುಕೂಲ ಬಿಟ್ಟಿಯಾಗಿ ಸಿಗುತ್ತದೆ. ಆದರೆ ನಮ್ಮ ಎಷ್ಟು ಮನೆಗಳಲ್ಲಿ ಮೆಟ್ಟಿಲು, ಚಿಲ್ಲರೆ, ದೋಸೆ ಕನ್ನಡದಲ್ಲಿ ಎಣಿಕೆಯಾಗುತ್ತವೆ?

ಗಣಿತದ ತಾಸಿನಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ? ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಮೆರಿಕದ ತರಗತಿಗಳಲ್ಲಿ ಅಳೆದು ನೋಡಿದರು. ಸರಾಸರಿ ಒಂದು ಸೆಕೆಂಡು! ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು ಆಗಿರುವ ಮಗುವಿಗೆ ಆ ಎರಡು ಸೆಕೆಂಡು ಬಲು ದೊಡ್ಡದು. ಉತ್ತರ ಗೊತ್ತಿರುತ್ತದೆ, ಅದಕ್ಕೆ ಇಂಗ್ಲಿಷ್ ಅಂಗಿ ತೊಡಿಸುವಷ್ಟರಲ್ಲಿ ಮುಂದಿನ ಬೆಂಚಿನ ಕೈ ಮೇಲೆದ್ದಿರುತ್ತದೆ.

ಬುಧವಾರ ಮಳೆ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಶಾಲೆ ಜೂನ್ ಮಧ್ಯದಲ್ಲಿ ತೆರೆಯುವುದರಿಂದ ಮೊದಲ ತಿಂಗಳುಗಳೆಲ್ಲ ಮಳೆಯವೇ. ಮೈದಾನ ಕೆರೆಯಾಗಿ, ಮಧಲೀ ಸುಟ್ಟಿ ಎಂಬ ನಡುವಿನ ಬಿಡುವಿನಲ್ಲೂ ಮಕ್ಕಳು ಕೋಣೆಯಲ್ಲೇ ಉಳಿದು ಡಬ್ಬಾ ತೆರೆಯುತ್ತಾರೆ. ಒಂದರಲ್ಲಿ ಪೋಳಿ-ಭಾಜಿ, ಒಂದರಲ್ಲಿ ಥೇಪ್ಲಾ, ಒಂದರಲ್ಲಿ ನೀರುದೋಸೆ. ವಾರದಲ್ಲಿ ನಮ್ಮ ಮಾತು ತಲೆ ಎತ್ತುವ ಒಂದು ಗಳಿಗೆ ಇದು. ಪತ್ರೊಡೆ ಎಂದರೇನು, ಯಾವ ಎಲೆ, ತುರಿಸುವುದಿಲ್ಲವೇ ಎಂದು ಪಕ್ಕದ ಹುಡುಗ ಕೇಳುತ್ತಾನೆ. ನಮ್ಮ ಹುಡುಗಿ ಹಿಂದಿಯಲ್ಲೇ ವಿವರಿಸುತ್ತಾಳೆ. ಆದರೆ ಕೆಸು, ಹುಣಸೆ, ಕಡುಬು, ಕೊಟ್ಟೆ ಎಂಬ ಮಾತುಗಳು ಹಿಂದಿಯ ನಡುವೆ ಹಾಗೇ ನಿಲ್ಲುತ್ತವೆ. ಅವುಗಳನ್ನು ಯಾರೂ ಅವಳಿಗೆ ಕಲಿಸಿಲ್ಲ. ಅಡುಗೆಮನೆಯಲ್ಲಿ ಆ ಕೆಲಸ ಇನ್ನೂ ನಡೆಯುತ್ತಿದೆ, ಆದ್ದರಿಂದ ಮಾತೂ ಇದೆ.

ಗುರುವಾರ ಜಗಳದ ದಿನ. ಎಲ್ಲ ದಿನವೂ ಜಗಳವೇ. ಮಳೆಯಿಂದಾಗಿ ಹೊರಗೆ ಆಡಲಾಗದ ಮಕ್ಕಳಿಗೆ ಗುರುವಾರದ ಹೊತ್ತಿಗೆ ಅದು ಜೋರಾಗಿರುತ್ತದೆ. ಪಕಡಾಪಕಡಿಯಲ್ಲಿ ಡೆನ್ ಯಾರು, ಖೋಡ್‌ರಬ್ಬರ್ ಯಾರದ್ದು, ಮೊದಲು ತಳ್ಳಿದ್ದು ಯಾರು. ನನ್ನ ಅಭಿಪ್ರಾಯದಲ್ಲಿ ವಾರದ ಅತ್ಯುತ್ತಮ ಭಾಷಾಪಾಠ ಇದು. ದೂರು ಹೇಳುವ ಮಗು ನಡೆದದ್ದನ್ನು ಕ್ರಮವಾಗಿ ಹೇಳಬೇಕು, ಕಾರಣ ಕೊಡಬೇಕು, ಸಾಕ್ಷಿ ತರಬೇಕು, ಎದುರಾಳಿಯ ಮಾತನ್ನು ಕತ್ತರಿಸಬೇಕು. ಮಕ್ಕಳ ನಡುವೆ ಇದೆಲ್ಲ ಸೊಗಸಾದ ಬಂಬಯ್ಯಾ ಹಿಂದಿಯಲ್ಲಿ ನಡೆಯುತ್ತದೆ. ಟೀಚರ್ ಎದುರಿಗೆ ಬಂದ ತಕ್ಷಣ ಆ ಮಹಾಭಾರತವೆಲ್ಲ ಕುಗ್ಗಿ 'ಟೀಚರ್, ಹೀ ಈಸ್ ಟ್ರಬ್ಲಿಂಗ್ ಮಿ' ಎಂಬ ಒಂದೇ ವಾಕ್ಯವಾಗುತ್ತದೆ. ನಮ್ಮ ಕಡೆಯ ಇಬ್ಬರು ಹುಡುಗರೇ ಜಗಳವಾಡಿದರೂ ಅವರು ಆಡುವುದು ಹಿಂದಿಯಲ್ಲಿ. ಅವರ ತಾಯಂದಿರು ಗೇಟಿನಾಚೆ ತುಳುವಿನಲ್ಲಿ ಹರಟುತ್ತಿರುತ್ತಾರೆ. ಜಗಳಕ್ಕೆ ಬಾರದ ಭಾಷೆ ಗೆಳೆತನಕ್ಕೂ ಬರುವುದಿಲ್ಲ.

ಗಿಜುಭಾಯಿ ಬಧೇಕಾ ಗುಜರಾತಿಯಲ್ಲಿ ಬರೆದ 'ದಿವಾಸ್ವಪ್ನ' ಇಂಥ ತರಗತಿಯ ಕಥೆ. ಅದರ ಶಿಕ್ಷಕ ಮೊದಲ ದಿನ ಮಕ್ಕಳಿಗೆ ಶಾಂತಿಯ ಆಟ ಕಲಿಸಲು ಹೋಗಿ ಸೋಲುತ್ತಾನೆ. ಕಥೆ ಹೇಳಲು ತೊಡಗಿದ ಮೇಲೆ ಮಕ್ಕಳು ತಾವಾಗಿ ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಪಂಜೆ ಮಂಗೇಶರಾಯರು ಇದನ್ನು ಇನ್ನೂ ಮೊದಲೇ ಕಂಡುಕೊಂಡಿದ್ದರು. ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ಸುತ್ತಿದ ಅವರು ಮಕ್ಕಳಿಗಾಗಿ ಬರೆದ ಹಾಡುಗಳು ಕುಣಿಯಲು, ಕೂಗಲು, ಹಾವಾಗಿ ಹೆಡೆ ಎತ್ತಲು ಅವಕಾಶ ಕೊಡುತ್ತವೆ. ಅಂದರೆ ಭಾಷೆಗೆ ಅವರು ಮೈಯ ಕೆಲಸ ಕೊಟ್ಟರು.

ಶುಕ್ರವಾರ ನೋಟ್‌ಬುಕ್ ತಿದ್ದುವುದರಲ್ಲೇ ಕಳೆಯುತ್ತದೆ, ಅದನ್ನು ವರ್ಣಿಸಿ ನಿಮ್ಮನ್ನು ದಣಿಸುವುದಿಲ್ಲ. ಶಾಲೆ ಬಿಟ್ಟಾಗ ಗೇಟಿನ ಬಳಿ ಒಂದು ದೃಶ್ಯ ನೋಡಿ. ಊರಿನಿಂದ ಬಂದ ಅಜ್ಜಿ ಕರೆದೊಯ್ಯಲು ನಿಂತಿದ್ದಾರೆ. ಅವರಿಗೆ ಇಂಗ್ಲಿಷ್ ಬಾರದು, ಮರಾಠಿ ಅಷ್ಟಕ್ಕಷ್ಟೆ. ನಾಳೆ ಬಿಳಿ ಡ್ರೆಸ್ ಹಾಕಬೇಕು, ಚೀಲ ತರಬಾರದು, ಪೇರೆಂಟ್ಸ್ ಮೀಟಿಂಗ್ ಇದೆ, ಅಮ್ಮನಿಗೆ ಹೇಳಬೇಕು ಎಂಬುದನ್ನೆಲ್ಲ ಮಗು ಅಜ್ಜಿಯ ಭಾಷೆಯಲ್ಲಿ ಹೇಳಲೇಬೇಕು. ಹೇಳುತ್ತದೆ ಕೂಡ, ತಡವರಿಸಿ, ತಿರುಗಿಸಿ, ಕೈಸನ್ನೆ ಸೇರಿಸಿ. ಮನೆಯಲ್ಲಿ ಅಜ್ಜಿ ಇರುವ ಮಗುವಿನ ತುಳು ಕನ್ನಡ ಚೆನ್ನಾಗಿರುವುದಕ್ಕೆ ಅಜ್ಜಿಯ ಕಥೆಗಳೇ ಕಾರಣ ಎನ್ನುತ್ತೇವೆ. ನಾನು ನೋಡಿದಂತೆ ಅಜ್ಜಿ ಮಗುವಿಗೆ ಹೇಳುವುದಕ್ಕಿಂತ, ಮಗು ಅಜ್ಜಿಗೆ ಹೇಳಬೇಕಾಗಿ ಬರುವುದು ದೊಡ್ಡ ಕಾರಣ.

ಶನಿವಾರ ಅರ್ಧ ದಿನ. ಒಂದರಿಂದ ಎಂಟನೇ ಇಯತ್ತೆಯವರೆಗೆ ಸರ್ಕಾರ 'ಆನಂದದಾಯೀ ಶನಿವಾರ' ಎಂದು ಆಟ, ಚಿತ್ರ, ತೋಟಗಳಿಗೆ ಹೊತ್ತು ಮೀಸಲಿಟ್ಟಿದೆ. ಅಂದು ಮಕ್ಕಳು ಹೆಚ್ಚು ಮಾತಾಡುತ್ತಾರೆ, ನಮ್ಮ ಮಾತು ಮಾತ್ರ ಅಲ್ಲಿಲ್ಲ.

ಹೀಗೆ ವಾರ ಮುಗಿಯುತ್ತದೆ. ಲೆಕ್ಕ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ತಾಸು ಕಲಿಕೆ ನಡೆಯಬೇಕು. 2020ರ ಕಾಯ್ದೆಯಿಂದ ಮರಾಠಿ ಎಲ್ಲ ಶಾಲೆಗಳಲ್ಲೂ ಕಡ್ಡಾಯ. 2025ರ ಏಪ್ರಿಲ್‌ನಲ್ಲಿ ಒಂದನೇ ಇಯತ್ತೆಯಿಂದಲೇ ಹಿಂದಿಯನ್ನು ಮೂರನೇ ಭಾಷೆಯಾಗಿ ತರುವ ಆದೇಶ ಹೊರಟು, ಭಾರೀ ವಿರೋಧದ ನಂತರ ಜೂನ್ ಕೊನೆಯಲ್ಲಿ ವಾಪಸಾಯಿತು. ಆ ಗಲಾಟೆಯಲ್ಲಿ ನಮಗೊಂದು ಪಾಠವಿತ್ತು: ಹಿಂದಿ ಪುಸ್ತಕದಲ್ಲಿ ಬರಲಿ ಬಿಡಲಿ, ಆಟದ ಮೈದಾನದಲ್ಲಿ ಅದು ಮೊದಲಿನಿಂದಲೂ ಇದೆ. ಅದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ.

ಆ 800 ತಾಸುಗಳ ಎದುರು ನಾವು ಇಡುವುದು ಭಾನುವಾರದ ಒಂದು ತಾಸು. ಒಂದು ಭಾನುವಾರವೂ ತಪ್ಪದಿದ್ದರೆ ವರ್ಷಕ್ಕೆ 52. ಅದನ್ನು ನಡೆಸುವವರ ಶ್ರದ್ಧೆಗೆ ನಾನು ಕೈಮುಗಿಯುತ್ತೇನೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು, ಠಾಣೆಯ ನವೋದಯ ಕನ್ನಡ ಸೇವಾ ಸಂಘ ನವೋದಯ ಶಾಲೆಯನ್ನು ಕಟ್ಟಿ ನಡೆಸಿದವು. ಚಿಣ್ಣರ ಬಿಂಬ ಮಹಾನಗರದ ಉದ್ದಗಲಕ್ಕೂ ನಮ್ಮ ಮಕ್ಕಳನ್ನು ಒಟ್ಟುಗೂಡಿಸಿ ಭಜನೆ, ಕನ್ನಡ ಕಲಿಸುತ್ತ ಬಂದಿದೆ. ಆದರೆ ಸಾಮಾನ್ಯವಾಗಿ ಭಾನುವಾರದ ಕನ್ನಡ ಎಂದರೆ ವರ್ಣಮಾಲೆ, ಅರಸ, ಆನೆ, ಮತ್ತು ರಾಜ್ಯೋತ್ಸವದ ಭಾಷಣ. ಆ ಭಾಷಣವನ್ನು ಅಮ್ಮ ದೇವನಾಗರಿ ಅಕ್ಷರದಲ್ಲಿ ಬರೆದುಕೊಟ್ಟಿರುತ್ತಾರೆ. ಮಗು ಉರುಹೊಡೆದು ಒಪ್ಪಿಸಿ, ಚಪ್ಪಾಳೆ ಪಡೆದು, ವೇದಿಕೆಯಿಂದ ಇಳಿದು ಗೆಳೆಯನಿಗೆ 'ಚಲ್ ನಾ' ಎನ್ನುತ್ತದೆ. ನಾವು ಅಕ್ಷರ ಕೊಟ್ಟೆವು, ಕೆಲಸ ಕೊಡಲಿಲ್ಲ.

ಇದೇ ಠಾಣೆ ಜಿಲ್ಲೆಯಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗಾದ ಇನ್ನೊಂದು ಮಗು ಇದೆ. 1970ರಲ್ಲಿ ಸರ್ಕಾರದ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಸ್ಥಾಪನೆಯಾದಂದಿನಿಂದ ನವಿ ಮುಂಬಯಿಯನ್ನು ಕಟ್ಟುತ್ತಿರುವ ಕೈಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯ ಕೈಗಳು ಬಹಳ. ಬೆಳಿಗ್ಗೆ ನಾಕಾಗಳಲ್ಲಿ ಬುತ್ತಿ ಹಿಡಿದು ಕೂಲಿಗೆ ಕಾಯುವವರ ನಡುವೆ ನಿಂತು ಕಿವಿಗೊಡಿ, 'ಎಲ್ಲಿಗಿ ಹೊಂಟೀರಿ, ಇವತ್ತ ಕೆಲಸ ಐತೇನ್ರಿ' ಎಂಬ ಗಟ್ಟಿ ಕನ್ನಡ ಕೇಳುತ್ತದೆ, ಜೊತೆಗೆ ಲಂಬಾಣಿಯೂ. ಅವರ ಮಕ್ಕಳು ಹತ್ತಿರದ ಮರಾಠಿ ಶಾಲೆಗೆ ಹೋಗುತ್ತಾರೆ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ಎಂಟು ವರ್ಷದ ಹುಡುಗಿ ನೇರವಾಗಿ ಮೂರನೇ ಇಯತ್ತೆಯಲ್ಲಿ ಕೂರುತ್ತಾಳೆ, ಮರಾಠಿಯ ಒಂದಕ್ಷರವೂ ಗೊತ್ತಿಲ್ಲದೆ. ಖಿಚಡಿಯ ಸರದಿಯಲ್ಲಿ ಚುರುಕಾಗಿರುವವಳು ಪಾಠದಲ್ಲಿ ಮೂಕಿ. ಕಟ್ಟಡ ಮುಗಿದರೆ ಬೇರೆ ಸೈಟು. ಊರಲ್ಲಿ ಸುಗ್ಗಿ ಬಂದರೆ ವರ್ಷದ ನಡುವೆಯೇ ಹೆಸರು ಹಜೇರಿಯಲ್ಲಿ ಕೆಂಪಾಗುತ್ತದೆ. ಆದರೆ ಅವಳ ಕನ್ನಡಕ್ಕೆ ಕೈತುಂಬ ಕೆಲಸ. ತಮ್ಮನನ್ನು ಸುಧಾರಿಸುವುದು, ನೀರಿನ ಜಗಳ, ದವಾಖಾನೆಯಲ್ಲಿ ಡಾಕ್ಟರ್ ಹೇಳಿದ್ದನ್ನು ಅವ್ವನಿಗೆ ತಿಳಿಸುವುದು ಎಲ್ಲ ಅವಳದೇ. ಕೆಲಸ ಇದೆ, ಅಕ್ಷರ ಇಲ್ಲ.

ಸಂಘದ ಮಗು ಮತ್ತು ಸೈಟಿನ ಮಗು ಒಂದೇ ಜಿಲ್ಲೆಯಲ್ಲಿದ್ದೂ ಒಬ್ಬರನ್ನೊಬ್ಬರು ಕಂಡಿಲ್ಲ. ನನ್ನ ಇವತ್ತಿನ ಬೇಡಿಕೆ ಇಲ್ಲಿಂದ ಹುಟ್ಟುತ್ತದೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯ ಜೊತೆಗೇ ಸೇರಿದ್ದು ಅದು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದೆ, ಕನ್ನಡವೂ ಅದರಲ್ಲೊಂದು. 1967ರಲ್ಲಿ ಶುರುವಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ, ಜಾಲತಾಣದಲ್ಲಿ ಉಚಿತವಾಗಿಯೂ ಕೊಡುತ್ತದೆ. ಪುಸ್ತಕಕ್ಕೆ ಕೊರತೆಯಿಲ್ಲ. ಆದರೆ ಸೈಟಿನ ಹುಡುಗಿ ಪುಸ್ತಕದ ಬಳಿಗೆ ಬರಲಾರಳು, ಪುಸ್ತಕವೇ ಹೋಗಬೇಕು.

ಹೋಗುವುದು ನಮ್ಮವರಿಗೆ ಹೊಸತೇನಲ್ಲ. ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ತೆರೆದರು. ಹುಡುಗರು ದುಡಿಯುವ ಕೇರಿಯಲ್ಲೇ, ಅವರಿಗೆ ಬಿಡುವಾಗುವ ಹೊತ್ತಿಗೇ ಶಾಲೆ. ಆ ಶಾಲೆಗಳಲ್ಲಿ ಓದಿದವರು ಮುಂದೆ ವಕೀಲರಾದರು, ಲೇಖಕರಾದರು, ಹೋಟೆಲಿನ ಧಣಿಗಳೂ ಆದರು. ಆಗಿನ ಠಾಣೆ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆಯಿದೆ. ಗಿಜುಭಾಯಿಯವರ ಜೊತೆ ಭಾವನಗರದಲ್ಲಿ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ, ಬಳಿಕ ಕೋಸಬಾಡದ ಗುಡ್ಡದಲ್ಲಿ, ಅನುತಾಯಿ ವಾಘ್ ಅವರೊಂದಿಗೆ ಬಡವರ, ಆದಿವಾಸಿಗಳ ಮಕ್ಕಳಿಗೆ ಶಾಲೆ ನಡೆಸಿದರು. ಆ ಊರುಗಳು ಈಗ 2014ರಲ್ಲಿ ಬೇರೆಯಾದ ಪಾಲಘರ್ ಜಿಲ್ಲೆಯಲ್ಲಿವೆ. ಮಕ್ಕಳು ಶಾಲೆಗೆ ಬಾರದಿದ್ದಾಗ ತಾರಾಬಾಯಿ ಕೇರಿಯ ಅಂಗಳಕ್ಕೇ ಶಾಲೆಯನ್ನು ಒಯ್ದರು, ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿಗೂ ಒಯ್ದರು. ಇವತ್ತು ದೇಶವೆಲ್ಲ ಅಂಗನವಾಡಿ ಎನ್ನುವುದರ ಬೇರು ಅಲ್ಲಿದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲನೆಯದು, ಭಾನುವಾರದ ತಾಸಿನಲ್ಲಿ ಪಾಠ ಕಡಿಮೆ ಮಾಡಿ ಕೆಲಸ ಹೆಚ್ಚಿಸುವುದು. ಹಜೇರಿ ಮಕ್ಕಳೇ ಕನ್ನಡದಲ್ಲಿ ತೆಗೆದುಕೊಳ್ಳಲಿ. ಚಹಾದ ಜೊತೆ ಕೊಡುವ ಬಿಸ್ಕತ್ತನ್ನು ಎಣಿಸಿ ಹಂಚಲಿ. ಆಟ ಆಡಲಿ, ಜಗಳ ಬಂದರೆ ಕನ್ನಡದಲ್ಲಿ ದೂರು ಹೇಳಲಿ. ತಪ್ಪಾಗಿ ಹೇಳಿದರೂ ತೀರ್ಪು ಸಿಗಲಿ. ಉತ್ತರಕ್ಕಾಗಿ ನಾವು ಮೂರು ಸೆಕೆಂಡು ಕಾಯೋಣ. ತುಳುವಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರೆ ಗದರುವುದು ಬೇಡ. ಭಾಷಣದ ಉರು ತಿಂಗಳುಗಟ್ಟಲೆ ಬೇಡ.

ಎರಡನೆಯದು, ತಿಂಗಳಿಗೊಂದು ಭಾನುವಾರ ಸಂಘದ ಸಭಾಗೃಹ ಬಿಟ್ಟು ಸೈಟಿನ ಶೆಡ್ಡಿನ ಮುಂದೆ ತರಗತಿ ನಡೆಯಲಿ. ಅಕ್ಷರ ಬಲ್ಲ ನಮ್ಮ ಮಗು ಹಲಗೆ ಹಿಡಿಯಲಿ, ಮಾತು ಬಲ್ಲ ಆ ಹುಡುಗಿ ಹೇಳಲಿ. ಅವಳು ಹೇಳಿದ ಕಥೆಯನ್ನು ಇವನು ಬರೆಯುವನು. ಇವನು ಬರೆದದ್ದನ್ನು ಅವಳು ಓದಲು ಕಲಿಯುವಳು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಒಬ್ಬರಿಂದೊಬ್ಬರು ಕಲಿಯುವಂತೆ ಮಾಡಿತು. ನಮ್ಮದೂ ಅದೇ ದಾರಿ. ಇದರಲ್ಲಿ ಯಾರೂ ಯಾರಿಗೂ ಉಪಕಾರ ಮಾಡುತ್ತಿಲ್ಲ. ನಿಜ ಹೇಳಬೇಕೆಂದರೆ ಆ ಹುಡುಗಿಯ ಅಗತ್ಯ ನಮ್ಮ ಮಗುವಿಗೇ ಹೆಚ್ಚು. ಕನ್ನಡವಿಲ್ಲದೆ ನಡೆಯದ ಒಂದು ಗೆಳೆತನ ಅದಕ್ಕೆ ಮೊದಲ ಸಲ ಸಿಗುತ್ತದೆ.

ಮೂರನೆಯದು ಈ ದತ್ತಿಯ ಕುರಿತು. ಇಟ್ಟವರ ಮನೆಯವರು ಒಪ್ಪುವುದಾದರೆ, ಮುಂದಿನ ವರ್ಷದ ಬಡ್ಡಿಯನ್ನು ಉಪನ್ಯಾಸಕರ ಹಾರ, ಶಾಲು, ಪ್ರಯಾಣಕ್ಕೆ ವ್ಯಯಿಸುವುದು ಬೇಡ. ಬಾಲಭಾರತಿಯ ಕನ್ನಡ ಪುಸ್ತಕಗಳು, ಹಲಗೆ, ಬಳಪ, ಸೈಟಿಗೆ ಹೋಗಿಬರುವ ವ್ಯಾನಿನ ಬಾಡಿಗೆ, ಇಷ್ಟಕ್ಕೆ ಅದು ಸಾಕಾಗುತ್ತದೆ. ಮೊದಲ ತರಗತಿಯನ್ನು ತೆಗೆದುಕೊಳ್ಳಲು ನಾನು ಸಿದ್ಧ. ದಿನ, ಸ್ಥಳ ಗೊತ್ತುಮಾಡುವ ಭಾರ ಸಂಘದ ಕಾರ್ಯದರ್ಶಿಗಳ ಮೇಲಿದೆ. ಸಭೆ ಮುಗಿದ ಮೇಲೆ ಅವರು ಹೊರಗೆ ಹೆಸರು ಬರೆದುಕೊಳ್ಳುತ್ತಾರೆಂದು ನಂಬಿದ್ದೇನೆ.